ಫುಲ್ ಥ್ರಾಟಲ್‌ನಲ್ಲಿ ಮಿಸ್ಸಿಂಗ್: ಎಲೆಕ್ಟ್ರಾನಿಕ್ ಇಗ್ನಿಷನ್ ಎಂಜಿನ್‌ಗಳಲ್ಲಿ ಪ್ಲಗ್ ಗ್ಯಾಪ್ ದೋಷ ಹಿಡಿಯುವುದು

ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಸ್ಲೋನಲ್ಲಿ (ಥ್ರಾಟಲ್ ಕೊಡದೆ ಎಂಜಿನ್ ಓಡುವಾಗ) ಚೆನ್ನಾಗಿ ನಿಲ್ಲುತ್ತದೆ. ಊರೊಳಗೆ ಓಡಿಸಿದರೆ ಯಾವ ತಕರಾರೂ ಇಲ್ಲ. ಹೈವೇಗೆ ಬಂದು ಮೂರನೇ ಗೇರ್‌ನಲ್ಲಿ ಥ್ರಾಟಲ್ ಪೂರ್ತಿ ತೆಗೆದ ಕೂಡಲೇ ಎಂಜಿನ್ ತಡವರಿಸುತ್ತದೆ. ಸೈಲೆನ್ಸರ್‌ನಲ್ಲಿ ಪಟ್ ಪಟ್ ಸದ್ದು. ಥ್ರಾಟಲ್ ಸ್ವಲ್ಪ ಬಿಟ್ಟರೆ ಮತ್ತೆ ಸರಿ. ಈ ದೂರು ಹೆಚ್ಚಾಗಿ ಬರುವುದು ಎಂಜಿನ್‌ಗೆ ಏನಾದರೂ ಕೆಲಸ ಮಾಡಿಸಿದ ಮೇಲೆ. ಹೆಡ್ (ಸಿಲಿಂಡರ್‌ನ ಮುಚ್ಚಳ) ಕಡೆಸಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಮಿಶ್ರಣವನ್ನು ಒತ್ತುವ ಪ್ರಮಾಣ, ಏರಿಸಿರುತ್ತಾರೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಕಾರಿಗೆ ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರ್‌ಗೆ ಹೊಸ ಸೆಟ್ಟಿಂಗ್, ಹಾಕಿಸಿರುತ್ತಾರೆ. ಇಲ್ಲವೇ ಹಳೇ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಯಾಂತ್ರಿಕ ಸ್ವಿಚ್) ತೆಗೆದು ಸಿಡಿಐ (ಕೆಪಾಸಿಟರ್‌ನಿಂದ ಕಿಡಿ ಕೊಡುವ ಎಲೆಕ್ಟ್ರಾನಿಕ್ ಇಗ್ನಿಷನ್) ಕೂರಿಸಿರುತ್ತಾರೆ.

ಹೀಗೆ ಎಂಜಿನ್ ತಡವರಿಸುವುದಕ್ಕೆ ಮಿಸ್ಸಿಂಗ್ ಅನ್ನುತ್ತಾರೆ. ಬಹಳಷ್ಟು ಸಲ ಇದರ ಮೂಲ ಪ್ಲಗ್ ಗ್ಯಾಪ್‌ನಲ್ಲೇ, ಅಂದರೆ ಸ್ಪಾರ್ಕ್ ಪ್ಲಗ್‌ನ ಎರಡು ಎಲೆಕ್ಟ್ರೋಡ್‌ಗಳ ನಡುವೆ ಕಿಡಿ ಹಾರುವ ಸಂದಿಯಲ್ಲೇ, ಇರುತ್ತದೆ. ಆದರೆ ಗ್ಯಾಪ್ ಸ್ವಲ್ಪ ಒತ್ತಿ ಗಾಡಿ ವಾಪಸ್ ಕೊಟ್ಟರೆ ಕೆಲಸ ಮುಗಿಯಿತು ಅಂತ ನಾನು ಒಪ್ಪುವುದಿಲ್ಲ. ಗ್ಯಾಪ್ ಜಾಸ್ತಿ ಆಗಿರುವುದು ಬೇರೆ. ಗ್ಯಾಪ್ ಸರಿಯಾಗಿದ್ದು, ಅದಕ್ಕೆ ಬೇಕಾದ ವೋಲ್ಟೇಜ್ ಕಾಯಿಲ್‌ನಿಂದ (ಕಿಡಿಗೆ ಹೈ ವೋಲ್ಟೇಜ್ ಕೊಡುವ ಸುರುಳಿ) ಬರದೆ ಇರುವುದು ಬೇರೆ. ಎರಡಕ್ಕೂ ಲಕ್ಷಣ ಒಂದೇ. ಗ್ಯಾಪ್ ಒತ್ತಿದರೆ ಎರಡೂ ಸದ್ಯಕ್ಕೆ ಸರಿಹೋಗುತ್ತವೆ. ಎರಡನೆಯದು ಮತ್ತೆ ಬರುತ್ತದೆ.

ವೋಲ್ಟೇಜ್ ಎಷ್ಟು ಬೇಕು, ಎಷ್ಟು ಸಿಗುತ್ತಿದೆ

ಕಾಯಿಲ್ ಡಬ್ಬದ ಮೇಲೆ 40 ಕಿಲೋವೋಲ್ಟ್ ಅಂತ ಬರೆದಿರುತ್ತದೆ. ಹಾಗಂತ ಪ್ರತಿ ಕಿಡಿಗೂ ಅಷ್ಟು ವೋಲ್ಟೇಜ್ ಹೋಗುವುದಿಲ್ಲ. ಕಾಯಿಲ್‌ನಲ್ಲಿ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟಾದ ಕ್ಷಣಕ್ಕೆ ಕಿಡಿ ಹಾರುತ್ತದೆ. ಅಲ್ಲಿಗೆ ಏರಿಕೆ ನಿಂತಿತು. ಅಂದರೆ ವೋಲ್ಟೇಜ್ ಎಷ್ಟಾಗಬೇಕು ಅಂತ ತೀರ್ಮಾನಿಸುವುದು ಗ್ಯಾಪ್ ಮತ್ತು ಸಿಲಿಂಡರ್ ಒಳಗಿನ ಸ್ಥಿತಿ. ಕಾಯಿಲ್ ಹೇಳುವುದು ತನ್ನ ಮಿತಿ ಎಷ್ಟು ಅನ್ನುವುದನ್ನು ಮಾತ್ರ. ಕಿಡಿ ಈಗಾಗಲೇ ಸರಿಯಾಗಿ ಹಾರುತ್ತಿರುವ ಎಂಜಿನ್‌ಗೆ ದುಬಾರಿ ಕಾಯಿಲ್ ಹಾಕಿದರೂ ಪವರ್ ಏರುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಕಿಡಿಗೆ ಬೇಕಾದ ವೋಲ್ಟೇಜ್ ಎರಡು ಸಂಗತಿಗಳ ಗುಣಾಕಾರವನ್ನು ನೋಡಿ ನಡೆಯುತ್ತದೆ ಅಂತ ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿದರು. ಒಂದು, ಗ್ಯಾಪ್ ಎಷ್ಟು ಅಗಲ. ಇನ್ನೊಂದು, ಅಲ್ಲಿ ಅನಿಲದ ಒತ್ತಡ ಎಷ್ಟು. ಹೊರಗಿನ ಗಾಳಿಯಲ್ಲಿ ಒಂದು ಮಿ.ಮೀ. ದಾಟಲು ನಾಲ್ಕೈದು ಕಿಲೋವೋಲ್ಟ್ ಸಾಕು. ಕಂಪ್ರೆಷನ್ ಆದ ಸಿಲಿಂಡರ್ ಒಳಗೆ ಅದೇ ಗ್ಯಾಪ್‌ಗೆ 10ರಿಂದ 25 ಕಿಲೋವೋಲ್ಟ್ ಬೇಕಾಗಬಹುದು. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿಸಿದ ಟರ್ಬೊ ಎಂಜಿನ್‌ನಲ್ಲಿ ಇನ್ನೂ ಜಾಸ್ತಿ.

ಗ್ಯಾಪ್, ಒತ್ತಡ ಬಿಟ್ಟರೂ ಬೇಡಿಕೆ ಏರಿಸುವ ಸಂಗತಿಗಳಿವೆ. ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾದರೆ ವೋಲ್ಟೇಜ್ ಜಾಸ್ತಿ ಬೇಕು. ಪ್ಲಗ್ ಹಳೆಯದಾಗಿ ಎಲೆಕ್ಟ್ರೋಡ್ ಅಂಚುಗಳು ಗುಂಡಗಾದರೆ ಜಾಸ್ತಿ ಬೇಕು, ಏಕೆಂದರೆ ಕಿಡಿ ಹೊರಡುವುದು ಚೂಪಾದ ಅಂಚಿನಿಂದ. ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ತಡವಾದರೆ ಪಿಸ್ಟನ್ ಮೇಲಕ್ಕೆ ಬಂದು ಒತ್ತಡ ಏರಿದ ಮೇಲೆ ಕಿಡಿ ಬೀಳುತ್ತದೆ, ಆಗಲೂ ಜಾಸ್ತಿ ಬೇಕು.

ಬೇಡಿಕೆ ಮಿತಿ ದಾಟಿದರೆ ಕಿಡಿ ಹಾರದೆ ಸುಮ್ನೆ ಇರುವುದಿಲ್ಲ. ಬೇರೆ ದಾರಿ ಹುಡುಕುತ್ತದೆ. ಪ್ಲಗ್‌ನ ಪಿಂಗಾಣಿಯ ಹೊರಮೈ ಮೇಲೆ ಹರಿದು ಹೆಡ್‌ಗೆ ಹೋಗುತ್ತದೆ, ಪ್ಲಗ್ ಕ್ಯಾಪ್‌ನ ರಬ್ಬರ್ ಸೀಳುತ್ತದೆ, ಇಲ್ಲವೇ ಕಾಯಿಲ್ ಒಳಗೇ ಸುರುಳಿಯಿಂದ ಸುರುಳಿಗೆ ಹಾರುತ್ತದೆ. ಕೊನೆಯದು ಕಾಯಿಲ್‌ನ ಆಯಸ್ಸು ತಿನ್ನುತ್ತದೆ. ಅತಿ ಅಗಲ ಗ್ಯಾಪ್‌ನಲ್ಲಿ ತಿಂಗಳುಗಟ್ಟಲೆ ಓಡಿದ ಗಾಡಿಯಲ್ಲಿ ಕಾಯಿಲ್ ಸುಟ್ಟರೆ ಕಾಯಿಲ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಯಾವಾಗ ಮಿಸ್ ಆಗುತ್ತದೆ ಅನ್ನುವುದನ್ನು ಮೊದಲು ನೋಡಿ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಗಾಡಿ ಓಡಿಸಬೇಕು. ದೋಷ ಎಲ್ಲಿದೆ ಅಂತ ಅರ್ಧ ಭಾಗ ರಸ್ತೆಯಲ್ಲೇ ಗೊತ್ತಾಗುತ್ತದೆ.

ಇಗ್ನಿಷನ್ ಮಿಸ್ಸಿಂಗ್ ಮತ್ತು ಪೆಟ್ರೋಲ್ ಕೊರತೆ, ಇವೆರಡನ್ನು ಬೇರೆ ಮಾಡುವುದು ಮೊದಲ ಕೆಲಸ. ಕಿಡಿ ತಪ್ಪಿದರೆ ಅದು ಥಟ್ಟನೆ ಆಗುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದಂತೆ ಜರ್ಕ್ ಇರುತ್ತದೆ. ಸುಡದ ಪೆಟ್ರೋಲ್ ಸೈಲೆನ್ಸರ್‌ನಲ್ಲಿ ಹೊತ್ತಿಕೊಂಡು ಸದ್ದು ಮಾಡುತ್ತದೆ. ಪೆಟ್ರೋಲ್ ಸಾಲದಿದ್ದರೆ ಎಂಜಿನ್ ಮೆಲ್ಲಗೆ ಸೋಲುತ್ತದೆ. ಕೆಲವು ಸೆಕೆಂಡ್ ಎಳೆದ ಮೇಲೆ ಶಕ್ತಿ ಇಳಿಯುತ್ತದೆ, ಥ್ರಾಟಲ್ ಬಿಟ್ಟ ತಕ್ಷಣ ವಾಪಸ್ ಬರುವುದಿಲ್ಲ, ಸ್ವಲ್ಪ ಹೊತ್ತು ಬೇಕು.

ಇಗ್ನಿಷನ್ನೇ ಅಂತ ಖಚಿತವಾದರೆ, ಮಿಸ್ಸಿಂಗ್ ಯಾವ ಆರ್‌ಪಿಎಂನಲ್ಲಿ, ಎಷ್ಟು ಲೋಡ್‌ನಲ್ಲಿ ಅಂತ ಗಮನಿಸಿ. ಎಂಜಿನ್ ಅತಿ ಹೆಚ್ಚು ಟಾರ್ಕ್ (ತಿರುಗಿಸುವ ಬಲ) ಕೊಡುವ ಆರ್‌ಪಿಎಂನಲ್ಲಿ ಸಿಲಿಂಡರ್ ಅತಿ ಚೆನ್ನಾಗಿ ತುಂಬುತ್ತದೆ. ಒತ್ತಡ ಅತಿ ಹೆಚ್ಚು ಇರುವುದು ಅಲ್ಲಿ, ರೆಡ್‌ಲೈನ್‌ನಲ್ಲಿ (ಎಂಜಿನ್ ಓಡಬಹುದಾದ ಗರಿಷ್ಠ ಆರ್‌ಪಿಎಂ) ಅಲ್ಲ. ಹಾಗಾಗಿ ಮಧ್ಯದ ಆರ್‌ಪಿಎಂನಲ್ಲಿ, ಮೇಲಿನ ಗೇರ್‌ನಲ್ಲಿ, ಥ್ರಾಟಲ್ ಪೂರ್ತಿ ತೆಗೆದಾಗ ಮಾತ್ರ ಮಿಸ್ ಆದರೆ ವೋಲ್ಟೇಜ್ ಬೇಡಿಕೆ ಮಿತಿ ದಾಟಿದೆ. ಗ್ಯಾಪ್ ಕಡೆಗೆ ಕೈ ತೋರಿಸುವ ಲಕ್ಷಣ ಇದು.

ಅದೇ ಮಿಸ್ಸಿಂಗ್ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಬಂದು, ಅರ್ಧ ಥ್ರಾಟಲ್‌ನಲ್ಲೂ ಬಂದರೆ ಪೂರೈಕೆ ಕಡೆ ನೋಡಿ. ಬ್ಯಾಟರಿಯಿಂದ ನಡೆಯುವ ಕಾಯಿಲ್‌ಗೆ ತುಂಬಿಕೊಳ್ಳಲು ಸಮಯ ಬೇಕು, ಸುಮಾರು ಮೂರು ಮಿಲಿಸೆಕೆಂಡ್. 10,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸಿಗುವುದೇ ಆರು ಮಿಲಿಸೆಕೆಂಡ್. ಬ್ಯಾಟರಿ ವೋಲ್ಟೇಜ್ ಕಡಿಮೆ ಇದ್ದರೆ ಅಷ್ಟರಲ್ಲಿ ಕಾಯಿಲ್ ಪೂರ್ತಿ ತುಂಬುವುದಿಲ್ಲ. ಕಾಯಿಲ್‌ನಲ್ಲಿ ಕೂಡಿಟ್ಟ ಶಕ್ತಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕರೆಂಟ್ 20 ಶೇಕಡ ಇಳಿದರೆ ಶಕ್ತಿ 36 ಶೇಕಡ ಇಳಿಯುತ್ತದೆ. ಇಲ್ಲಿ ರೆಗ್ಯುಲೇಟರ್, ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ವೈರ್ ನೋಡಬೇಕೇ ಹೊರತು ಗ್ಯಾಪ್ ಅಲ್ಲ. ರೆವ್ ಲಿಮಿಟರ್ (ಆರ್‌ಪಿಎಂ ಮಿತಿ ದಾಟದಂತೆ ತಡೆಯುವ ವ್ಯವಸ್ಥೆ) ಮತ್ತು ವಾಲ್ವ್ ಫ್ಲೋಟ್ (ವೇಗ ಹೆಚ್ಚಾಗಿ ವಾಲ್ವ್ ಸಮಯಕ್ಕೆ ಮುಚ್ಚದಿರುವುದು) ಕೂಡ ಇದೇ ಜಾಗದಲ್ಲಿ ಬರುತ್ತವೆ, ಅವನ್ನು ಮರೆಯಬೇಡಿ.

ಮೂರನೆಯದು, ಸ್ಲೋನಲ್ಲಿ ಮಾತ್ರ ತಡವರಿಸಿ ಮೇಲೆ ಚೆನ್ನಾಗಿ ಹೋಗುವ ಗಾಡಿ. ಇಲ್ಲಿ ಗ್ಯಾಪ್ ಅತಿ ಚಿಕ್ಕದಾಗಿರಬಹುದು. ಗ್ಯಾಪ್ ಕಿರಿದಾದರೆ ಬೆಂಕಿಯ ಮೊದಲ ಕಣ ಚಿಕ್ಕದಾಗಿರುತ್ತದೆ. ಎರಡು ಕಡೆಯ ಲೋಹ ಅದರ ಬಿಸಿಯನ್ನು ಹೀರುತ್ತದೆ. ಮಿಶ್ರಣ ಪೂರ್ತಿ ಹೊತ್ತಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಸಿಡಿಐಯಲ್ಲಿ ಇದು ಬೇಗ ಕಾಣುತ್ತದೆ, ಏಕೆಂದರೆ ಸಿಡಿಐ ಕಿಡಿ ಬಹಳ ಕಡಿಮೆ ಹೊತ್ತು ಉರಿಯುತ್ತದೆ. ಬ್ಯಾಟರಿ ಕಾಯಿಲ್‌ನ ಕಿಡಿ ಒಂದೆರಡು ಮಿಲಿಸೆಕೆಂಡ್ ಇದ್ದರೆ, ಸಿಡಿಐಯದು ಅದರ ಒಂದು ಸಣ್ಣ ಪಾಲು.

ಕಾರಿನಲ್ಲಿ ಟ್ಯೂನಿಂಗ್ ಮಾಡುವವರು ಎಡವುವ ಒಂದು ಜಾಗ ಇದೆ. ಸಿಲಿಂಡರ್ ಮಿಸ್ ಆದಾಗ ಸುಡದ ಆಮ್ಲಜನಕ ಹಾಗೇ ಹೊರಗೆ ಹೋಗುತ್ತದೆ. ಸೈಲೆನ್ಸರ್‌ನ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಮಿಶ್ರಣ ತೆಳುವಾಗಿದೆ ಅನ್ನುತ್ತದೆ. ಲ್ಯಾಪ್‌ಟಾಪ್ ಮುಂದೆ ಕೂತವರು ಪೆಟ್ರೋಲ್ ಏರಿಸುತ್ತಾರೆ. ಪ್ಲಗ್ ಕಪ್ಪಾಗುತ್ತದೆ, ಮಿಸ್ಸಿಂಗ್ ಇನ್ನೂ ಹೆಚ್ಚುತ್ತದೆ. ಮಿಸ್ಸಿಂಗ್ ಇರುವಾಗ ಆ ಸೆನ್ಸರ್ ಹೇಳುವ ಮಾತನ್ನು ನಂಬಲೇಬೇಡಿ.

ಪ್ಲಗ್ ಬಿಚ್ಚಿದಾಗ ಏನು ನೋಡಬೇಕು

ಪ್ಲಗ್‌ನ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿಯಿರಿ. ಉದ್ದಕ್ಕೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಡೆಯಿಂದ ಹರಿದಿದೆ. ಅದೇ ಗೆರೆ ಪ್ಲಗ್ ಕ್ಯಾಪ್ ಒಳಗಿನ ರಬ್ಬರ್‌ನಲ್ಲೂ ಇರುತ್ತದೆ. ಪ್ಲಗ್ ಮಾತ್ರ ಬದಲಿಸಿ ಹಳೇ ಕ್ಯಾಪ್ ಹಾಕಿದರೆ ಹೊಸ ಪ್ಲಗ್ ಕೂಡ ಹಾಗೇ ಆಗುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಪಿಂಗಾಣಿ ಲೋಹಕ್ಕೆ ಸೇರುವ ಜಾಗದಲ್ಲಿ ಸುತ್ತ ಕಂದು ಬಣ್ಣದ ಉಂಗುರ ಇದ್ದರೆ ಗಾಬರಿ ಬೇಡ. ಪ್ಲಗ್ ಲೀಕ್ ಅಂತ ಬಹಳ ಜನ ಅದನ್ನು ಎಸೆಯುತ್ತಾರೆ. ಅದು ಹೈ ವೋಲ್ಟೇಜ್‌ನ ಸುತ್ತ ಎಣ್ಣೆ, ಧೂಳಿನ ಕಣಗಳು ಅಂಟಿಕೊಂಡ ಗುರುತು ಅಷ್ಟೇ.

ಇನ್ನು ಎಲೆಕ್ಟ್ರೋಡ್ ಸವೆತ. ಸಾಮಾನ್ಯವಾಗಿ ನಡುವಿನ ಎಲೆಕ್ಟ್ರೋಡ್ ನೆಗೆಟಿವ್ ಆಗಿರುತ್ತದೆ, ಅದು ಬಿಸಿ ಇರುವುದರಿಂದ ಕಿಡಿ ಸುಲಭವಾಗಿ ಹೊರಡುತ್ತದೆ, ಸವೆಯುವುದೂ ಅದೇ. ಹೊರಗಿನ ಬಾಗಿದ ಎಲೆಕ್ಟ್ರೋಡ್‌ನ ಒಳಮೈಯಲ್ಲಿ ಗುಳಿ ಬಿದ್ದಿದ್ದರೆ ಕಾಯಿಲ್‌ನ ಪೋಲಾರಿಟಿ ತಿರುವಾಗಿದೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕುವಾಗ ಕಾಯಿಲ್‌ನ ಎರಡು ವೈರ್ ಅದಲು ಬದಲು ಮಾಡಿರುತ್ತಾರೆ. ಗಾಡಿ ಓಡುತ್ತದೆ, ಆದರೆ ಕಿಡಿಗೆ ಬೇಕಾದ ವೋಲ್ಟೇಜ್ ಸುಮ್ನೆ ಏರಿರುತ್ತದೆ. ಎರಡು ಪ್ಲಗ್‌ಗೆ ಒಂದೇ ಕಾಯಿಲ್ ಇರುವ ಎಂಜಿನ್‌ಗಳಲ್ಲಿ ಮಾತ್ರ ಒಂದು ಪ್ಲಗ್ ಹೀಗೆ ತಿರುವಾಗಿ ಸವೆಯುವುದು ಸಹಜ, ಅದು ದೋಷವಲ್ಲ.

ಹೆಡ್ ಮೇಲೆ ಪ್ಲಗ್ ಇಟ್ಟು ಕಿಡಿ ನೋಡುವುದು

ಎಲ್ಲ ಗ್ಯಾರೇಜ್‌ನಲ್ಲೂ ಮಾಡುವ ಪರೀಕ್ಷೆ ಇದು. ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಹೆಡ್‌ಗೆ ತಾಗಿಸಿ ಕಿಕ್ ಹೊಡೆಯುವುದು. ಕಿಡಿ ಬಂತು, ಇಗ್ನಿಷನ್ ಸರಿ ಅನ್ನುವುದು. ಈ ಪರೀಕ್ಷೆ ಫುಲ್ ಥ್ರಾಟಲ್ ಮಿಸ್ಸಿಂಗ್‌ಗೆ ಏನೂ ಹೇಳುವುದಿಲ್ಲ. ಹೊರಗಿನ ಗಾಳಿಯಲ್ಲಿ 0.8 ಮಿ.ಮೀ. ದಾಟಲು ಸಾಯುತ್ತಿರುವ ಕಾಯಿಲ್‌ಗೂ ಕಷ್ಟವಿಲ್ಲ. ಸಿಲಿಂಡರ್ ಒಳಗಿನ ಬೇಡಿಕೆ ಅದರ ಹಲವು ಪಟ್ಟು.

ಅದಕ್ಕೆ ಬದಲಾಗಿ ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಕೊಳ್ಳಿ. ದುಬಾರಿ ಸಾಮಾನಲ್ಲ. ಅದರ ಗ್ಯಾಪ್ ಮೆಲ್ಲಗೆ ಅಗಲ ಮಾಡುತ್ತಾ ಹೋದರೆ ಕಾಯಿಲ್ ಎಲ್ಲಿ ಸೋಲುತ್ತದೆ ಅಂತ ಗೊತ್ತಾಗುತ್ತದೆ. ತಣ್ಣಗಿರುವಾಗ ಒಂದು ಸಲ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಒಂದು ಸಲ ನೋಡಿ. ಬಿಸಿಯಲ್ಲಿ ಸೋಲುವ ಕಾಯಿಲ್‌ಗಳೇ ಜಾಸ್ತಿ. ಪ್ಲಗ್ ಕ್ಯಾಪ್ ಬಿಚ್ಚಿ ಹಾಗೇ ಗಾಳಿಯಲ್ಲಿ ಬಿಟ್ಟು ಎಂಜಿನ್ ತಿರುಗಿಸಬೇಡಿ. ವೋಲ್ಟೇಜ್‌ಗೆ ಹೋಗಲು ದಾರಿ ಇಲ್ಲದೆ ಕಾಯಿಲ್ ಒಳಗೆ ಸೀಳಿಕೊಳ್ಳುತ್ತದೆ. ಸಿಡಿಐ ಬಾಕ್ಸ್‌ನ ಕೆಪಾಸಿಟರ್‌ನಲ್ಲೇ 200ರಿಂದ 400 ವೋಲ್ಟ್ ಇರುತ್ತದೆ. ಎಂಜಿನ್ ತಿರುಗುವಾಗ ಆ ವೈರ್‌ಗಳಿಗೆ ಕೈ ಹಾಕಬಾರದು. ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೇ ಬರಬಾರದು.

ಮಲ್ಟಿಮೀಟರ್‌ನಿಂದ ಸ್ವಲ್ಪ ಸಹಾಯವಾಗುತ್ತದೆ. ಬೈಕ್‌ಗಳ ಪ್ಲಗ್ ಕ್ಯಾಪ್ ಸಾಮಾನ್ಯವಾಗಿ 5 ಕಿಲೋ ಓಮ್ ತೋರಿಸಬೇಕು. ಅದು ಎರಡು ಮೂರು ಪಟ್ಟು ಆಗಿದ್ದರೆ ಬದಲಿಸಿ. ಕಾಯಿಲ್ ಮತ್ತು ಸಿಡಿಐಯ ಸೋರ್ಸ್ ಕಾಯಿಲ್‌ನ (ಸಿಡಿಐಗೆ ಕರೆಂಟ್ ಕೊಡುವ ಸುರುಳಿ) ಅಳತೆಯನ್ನು ಆ ಮಾಡೆಲ್‌ನ ಮ್ಯಾನುಯಲ್ ಜೊತೆ ಹೋಲಿಸಿ. ಆದರೆ ಮೀಟರ್ ಕೊಡುವುದು ಕೆಲವೇ ವೋಲ್ಟ್. 20 ಕಿಲೋವೋಲ್ಟ್‌ನಲ್ಲಿ ಸೀಳುವ ಇನ್ಸುಲೇಷನ್ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಕತ್ತಲಲ್ಲಿ ಎಂಜಿನ್ ಓಡಿಸಿ, ಕಾಯಿಲ್ ಮತ್ತು ವೈರ್ ಮೇಲೆ ದೂರದಿಂದ ಸಣ್ಣಗೆ ನೀರು ಚಿಮುಕಿಸಿ ನೋಡಿ. ಸೋರಿಕೆ ಇದ್ದರೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ.

0.2 ಮಿ.ಮೀ. ಪರೀಕ್ಷೆ

ಇಷ್ಟಾದ ಮೇಲೆ ಗ್ಯಾಪ್‌ಗೆ ಕೈ ಹಾಕಿ. ಈಗಿರುವ ಗ್ಯಾಪ್ ಅಳೆದು ಬರೆದುಕೊಳ್ಳಿ. ಅದನ್ನು 0.2 ಮಿ.ಮೀ. ಕಡಿಮೆ ಮಾಡಿ. ಬೇರೆ ಏನನ್ನೂ ಮುಟ್ಟಬೇಡಿ. ಅದೇ ರಸ್ತೆ, ಅದೇ ಗೇರ್, ಅದೇ ಥ್ರಾಟಲ್.

ಮಿಸ್ಸಿಂಗ್ ಹಾಗೇ ಇದ್ದರೆ ಬೇಡಿಕೆ ಕಾರಣವಲ್ಲ. ಗ್ಯಾಪ್ ಮೊದಲಿನ ಅಳತೆಗೆ ತನ್ನಿ, ಪಿಕಪ್ ಕಾಯಿಲ್ (ಕಿಡಿ ಯಾವಾಗ ಬೀಳಬೇಕು ಅಂತ ಸಿಗ್ನಲ್ ಕೊಡುವ ಸುರುಳಿ), ವೈರಿಂಗ್, ಪೆಟ್ರೋಲ್ ಕಡೆ ಹೋಗಿ. ಮಿಸ್ಸಿಂಗ್ ಹೋದರೆ ಬೇಡಿಕೆ ಪೂರೈಕೆಯನ್ನು ಮೀರಿತ್ತು ಅಂತ ಖಚಿತ. ಆಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಎಂಜಿನ್‌ನಲ್ಲಿ ಬೇಡಿಕೆ ಏರುವಂಥದ್ದು ಏನಾದರೂ ಆಗಿದೆಯಾ? ಕಂಪ್ರೆಷನ್, ಬೂಸ್ಟ್, ಹಳೇ ಪ್ಲಗ್, ಇದರಲ್ಲಿ ಒಂದಿದ್ದರೆ ಉತ್ತರ ಸಿಕ್ಕಿತು. ಹೊಸ ಗ್ಯಾಪ್ ಇಟ್ಟುಕೊಳ್ಳಬಹುದು. ಯಾವುದೂ ಬದಲಾಗದ, ಕಂಪನಿಯಿಂದ ಬಂದ ಹಾಗೇ ಇರುವ, ಪ್ಲಗ್ ಕೂಡ ಹೊಸದಾಗಿರುವ ಗಾಡಿಯಲ್ಲಿ ಗ್ಯಾಪ್ ಒತ್ತಿದಾಗ ಮಾತ್ರ ಸರಿಹೋದರೆ ಕಾಯಿಲ್ ಸೋಲುತ್ತಿದೆ. ಇನ್ನೂ ಗ್ಯಾಪ್ ಒತ್ತುತ್ತಾ ಹೋಗಬೇಡಿ. ಕಾಯಿಲ್ ಬದಲಿಸಿ, ಗ್ಯಾಪ್ ಮ್ಯಾನುಯಲ್‌ನ ಅಳತೆಗೆ ತನ್ನಿ.

ಎಷ್ಟು ಇಡಬೇಕು

ಎಲೆಕ್ಟ್ರಾನಿಕ್ ಇಗ್ನಿಷನ್ ಅಂದರೆ ಗ್ಯಾಪ್ ಅಗಲ ಇಡಬೇಕು ಅನ್ನುವ ಮಾತು ಅಮೆರಿಕದಿಂದ ಬಂದದ್ದು. 1970ರ ದಶಕದಲ್ಲಿ ಅಲ್ಲಿ ಹೊಗೆ ನಿಯಮಗಳು ಬಿಗಿಯಾದವು. ಮಿಶ್ರಣ ತೆಳು ಮಾಡಬೇಕಾಯಿತು. ತೆಳು ಮಿಶ್ರಣ ಹೊತ್ತಿಸಲು ದೊಡ್ಡ ಕಿಡಿ ಬೇಕು. 1975ರ ಹೊತ್ತಿಗೆ ಜನರಲ್ ಮೋಟರ್ಸ್ ತನ್ನ ಕಾರುಗಳಿಗೆ ಹೈ ಎನರ್ಜಿ ಇಗ್ನಿಷನ್ ಕೊಟ್ಟಿತು. ಕೆಲವು ಎಂಜಿನ್‌ಗಳಿಗೆ 0.060 ಇಂಚು, ಕೆಲವಕ್ಕೆ 0.080 ಇಂಚು ಗ್ಯಾಪ್ ಹೇಳಿತು. 0.080 ಅಂದರೆ ಎರಡು ಮಿ.ಮೀ.! ಮುಂದೆ ಅದೇ ಕಂಪನಿ ಹಲವು ಎಂಜಿನ್‌ಗಳಲ್ಲಿ 0.045 ಇಂಚಿಗೆ, ಅಂದರೆ ಸುಮಾರು 1.1 ಮಿ.ಮೀ.ಗೆ ಇಳಿಸಿತು. ಆ ಅಗಲ ಗ್ಯಾಪ್ ಇದ್ದದ್ದು ಕಡಿಮೆ ಕಂಪ್ರೆಷನ್‌ನ, ತೆಳು ಮಿಶ್ರಣದ ಎಂಜಿನ್‌ಗಳಿಗೆ. ಹೆಚ್ಚು ಕಂಪ್ರೆಷನ್‌ನ ಪರ್ಫಾರ್ಮೆನ್ಸ್ ಎಂಜಿನ್‌ಗೆ ಅದನ್ನು ತಂದು ಹಾಕುವುದು ತಲೆಕೆಳಗು.

ನಾನು ಶುರು ಮಾಡುವ ಅಳತೆಗಳು ಹೀಗಿವೆ. ಪಾಯಿಂಟ್ ಇಗ್ನಿಷನ್‌ಗೆ 0.5ರಿಂದ 0.6 ಮಿ.ಮೀ. ಸಿಡಿಐ ಇರುವ ಬೈಕ್‌ಗೆ 0.6ರಿಂದ 0.8. ಟರ್ಬೊ ಇಲ್ಲದ, ಒಳ್ಳೇ ಕಾಯಿಲ್ ಇರುವ ಕಾರು ಎಂಜಿನ್‌ಗೆ 0.9ರಿಂದ 1.1. ಕಂಪ್ರೆಷನ್ 12:1 ದಾಟಿದರೆ 0.8ರ ಹತ್ತಿರ. ರೀಮ್ಯಾಪ್ ಮಾಡಿಸಿದ ಟರ್ಬೊಗೆ 0.6ರಿಂದ 0.7. ಬೂಸ್ಟ್ ಇನ್ನೂ ಏರಿಸಿದ್ದರೆ 0.5ರ ತನಕ ಇಳಿಯಬೇಕಾಗಬಹುದು, ಅದಕ್ಕಿಂತ ಕೆಳಗೆ ಹೋಗುವ ಬದಲು ಕಾಯಿಲ್ ಬದಲಿಸುವುದು ಜಾಣತನ. ಏನೂ ಬದಲಾಯಿಸದ ಗಾಡಿಗೆ ಮ್ಯಾನುಯಲ್ ಹೇಳಿದ್ದೇ ಸರಿ. ಒಟ್ಟಿನಲ್ಲಿ ನಿಯಮ ಇದು: ಫುಲ್ ಲೋಡ್‌ನಲ್ಲಿ ಮಿಸ್ ಆಗದ ಅತಿ ಅಗಲದ ಗ್ಯಾಪ್ ಹುಡುಕಿ, ಅದರಿಂದ 0.1 ಮಿ.ಮೀ. ಒಳಗೆ ನಿಲ್ಲಿ. ಪ್ಲಗ್ ಸವೆದಂತೆ ಗ್ಯಾಪ್ ತಾನಾಗಿ ಅಗಲವಾಗುತ್ತದೆ, ಅದಕ್ಕೆ ಜಾಗ ಬಿಟ್ಟಂತಾಯಿತು.

ಬೆಂಗಳೂರಿನಲ್ಲಿ ಟ್ಯೂನ್ ಮಾಡಿ ಬೇರೆ ಕಡೆ ಓಡಿಸುವವರಿಗೆ ಒಂದು ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ತೀರಕ್ಕಿಂತ ಹತ್ತಿರ ಹತ್ತಿರ 10 ಶೇಕಡ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಕಡಿಮೆ ಗಾಳಿ ಎಳೆಯುತ್ತದೆ, ಸಿಲಿಂಡರ್ ಒತ್ತಡವೂ ಕಡಿಮೆ. ಇಲ್ಲಿ ಅಂಚಿನಲ್ಲಿ ಸರಿಯಾಗಿ ಓಡಿದ ಗ್ಯಾಪ್ ಮಂಗಳೂರಿನಲ್ಲೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲೋ ಮಿಸ್ ಹೊಡೆಯಬಹುದು. ಘಟ್ಟ ಇಳಿಯುವ ಮೊದಲೇ 0.1 ಮಿ.ಮೀ. ಒತ್ತಿಕೊಂಡು ಹೋಗಿ.

ಅಳೆಯುವುದು, ಬಗ್ಗಿಸುವುದು, ಬಿಗಿಯುವುದು

ಹಳೇ ಪ್ಲಗ್‌ಗೆ ಚಪ್ಪಟೆ ಫೀಲರ್ ಗೇಜ್ ಬೇಡ. ಸವೆದ ಎಲೆಕ್ಟ್ರೋಡ್‌ನಲ್ಲಿ ಗುಳಿ ಇರುತ್ತದೆ. ಚಪ್ಪಟೆ ಗೇಜ್ ಅದರ ಅಂಚುಗಳ ಮೇಲೆ ಕೂತು ಗ್ಯಾಪ್ ಕಡಿಮೆ ಅಂತ ತೋರಿಸುತ್ತದೆ. ತಂತಿ ಗೇಜ್ ಬಳಸಿ. ಬಗ್ಗಿಸುವಾಗ ಹೊರಗಿನ ಎಲೆಕ್ಟ್ರೋಡ್ ಮಾತ್ರ ಬಗ್ಗಬೇಕು. ನಡುವಿನದಕ್ಕೆ ಆನಿಸಿ ಮೀಟಿದರೆ ಒಳಗಿನ ಪಿಂಗಾಣಿ ಬಿರುಕು ಬಿಡುತ್ತದೆ, ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಎರಡು ಮುಖಗಳು ಒಂದಕ್ಕೊಂದು ಸಮಾನಾಂತರವಾಗಿ ಇರಲಿ.

ಇರಿಡಿಯಂ ಪ್ಲಗ್‌ನಲ್ಲಿ ಇನ್ನೂ ಎಚ್ಚರ ಬೇಕು. ಅದರ ತುದಿ ಅರ್ಧ ಮಿ.ಮೀ. ಆಸುಪಾಸು ದಪ್ಪ ಇರುತ್ತದೆ. ನಾಣ್ಯದ ಆಕಾರದ ಗೇಜ್ ಅದಕ್ಕೆ ತಾಗಿದರೆ ತುದಿ ಮುರಿಯುತ್ತದೆ. ಅದನ್ನು ಬಹಳ ಬಗ್ಗಿಸುವ ಬದಲು ಬೇಕಾದ ಗ್ಯಾಪ್ ಇರುವ ಪ್ಲಗ್ಗನ್ನೇ ತನ್ನಿ. ಎನ್‌ಜಿಕೆ ಪ್ಲಗ್‌ಗಳ ನಂಬರ್ ಕೊನೆಯಲ್ಲಿ -9 ಇದ್ದರೆ 0.9 ಮಿ.ಮೀ., -11 ಇದ್ದರೆ 1.1 ಮಿ.ಮೀ. ಅಂತ ಅರ್ಥ. ನಡುವಿನ ಅಂಕೆ ಬಿಸಿಯ ಮಟ್ಟ, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಅನ್ನುವುದು. ಎನ್‌ಜಿಕೆಯಲ್ಲಿ ಅಂಕೆ ಏರಿದಂತೆ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಏರಿದಂತೆ ಬಿಸಿ. ಬ್ರ್ಯಾಂಡ್ ಬದಲಿಸುವಾಗ ಇದು ತಿರುವಾದರೆ ಪಿಸ್ಟನ್‌ಗೇ ಅಪಾಯ. ನಂಬರ್‌ನಲ್ಲಿ ಆರ್ ಅಕ್ಷರ ಇರುವ ರೆಸಿಸ್ಟರ್ ಪ್ಲಗ್ಗನ್ನೇ ಹಾಕಿ. ಅದಿಲ್ಲದಿದ್ದರೆ ಕಿಡಿಯ ರೇಡಿಯೋ ಗದ್ದಲ ಇಸಿಯುಗೆ (ಎಂಜಿನ್ ಕಂಪ್ಯೂಟರ್) ಹೋಗಿ ಅದೇ ಮಿಸ್ಸಿಂಗ್ ಮಾಡಿಸಬಹುದು.

ಅಲ್ಯೂಮಿನಿಯಂ ಹೆಡ್‌ನಲ್ಲಿ 14 ಮಿ.ಮೀ. ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20, 10 ಮಿ.ಮೀ.ಗೆ 10ರಿಂದ 12. ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ ಹೊಸ ವಾಷರ್ ಇರುವ 14 ಮಿ.ಮೀ. ಪ್ಲಗ್ಗನ್ನು ಕೈಯಲ್ಲಿ ಕೂರುವ ತನಕ ತಿರುಗಿಸಿ, ಆಮೇಲೆ ಅರ್ಧ ಸುತ್ತು. ಸಡಿಲ ಪ್ಲಗ್ ಬಿಸಿಯನ್ನು ಹೆಡ್‌ಗೆ ದಾಟಿಸುವುದಿಲ್ಲ, ತುದಿ ಕೆಂಪಾಗಿ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳಲು ಶುರುವಾಗುತ್ತದೆ.

ಹಳೇ ಜಾವಾ, ಯೆಜ್ಡಿಗೆ ಸಿಡಿಐ ಹಾಕಿಸುವವರಿಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಪಾಯಿಂಟ್ ಗಾಡಿಗಳು ಈಗಲೂ ನಮ್ಮ ರಸ್ತೆಗಳಲ್ಲಿ ಇವೆ. ಅವಕ್ಕೆ ಸಿಡಿಐ ಕಿಟ್ ಹಾಕಿಸುವುದು ಒಳ್ಳೆಯದೇ. ಸಿಡಿಐಯಲ್ಲಿ ವೋಲ್ಟೇಜ್ ಬಹಳ ಬೇಗ ಏರುತ್ತದೆ, ಆದ್ದರಿಂದ ಟೂ ಸ್ಟ್ರೋಕ್‌ನ ಎಣ್ಣೆ ಹತ್ತಿದ ಪ್ಲಗ್‌ನಲ್ಲೂ ಕರೆಂಟ್ ಸೋರಿಹೋಗುವ ಮೊದಲೇ ಕಿಡಿ ಹಾರುತ್ತದೆ. ಆದರೆ ಹಳೇ ಕಾಯಿಲ್ ಹಾಗೇ ಉಳಿಸಿಕೊಳ್ಳಬೇಡಿ. ಪಾಯಿಂಟ್ ಕಾಯಿಲ್ ಶಕ್ತಿಯನ್ನು ಕೂಡಿಡುತ್ತದೆ. ಸಿಡಿಐ ಕಾಯಿಲ್ ಬರೀ ವೋಲ್ಟೇಜ್ ಏರಿಸುತ್ತದೆ, ಶಕ್ತಿ ಇರುವುದು ಕೆಪಾಸಿಟರ್‌ನಲ್ಲಿ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಕಿಡಿ ಸೊರಗುತ್ತದೆ. ಕಿಟ್ ಜೊತೆ ಬಂದ ಕಾಯಿಲ್ಲೇ ಇರಲಿ, ಗ್ಯಾಪ್ 0.6 ಇಟ್ಟು ಶುರು ಮಾಡಿ, ಸ್ಲೋ ಸರಿಯಾಗಿ ನಿಲ್ಲದಿದ್ದರೆ 0.7ಕ್ಕೆ ಹೋಗಿ. ಕಿಟ್ ಹಾಕಿದ ಮೇಲೆ ಟೈಮಿಂಗ್‌ನ್ನು ಹೊಸದಾಗಿ ಅಳೆದು ಕೂರಿಸಬೇಕು. ಅದು ತಡವಾಗಿದ್ದರೆ ಯಾವ ಗ್ಯಾಪ್ ಇಟ್ಟರೂ ಆ ಎಂಜಿನ್ ಎಳೆಯುವುದಿಲ್ಲ.